ನಡುಮಧ್ಯಾಹ್ನ ಸೋಲಾರ್ ಬಂದ್ ಆದರೆ ಮೊದಲು ವೈರ್ ನೋಡಿ

ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಹಳ್ಳಿಗಳಲ್ಲಿ 5 ಕಿಲೋವ್ಯಾಟ್ ಆನ್‌ಗ್ರಿಡ್ (ಊರಿನ ಕರೆಂಟ್ ಲೈನಿಗೆ ಜೋಡಿಸಿದ) ಸೋಲಾರ್ ಕೂಡಿಸಿದ ಮೇಲೆ ಹೆಚ್ಚಾಗಿ ಬರುವ ಫೋನ್ ಒಂದೇ: "ಸಾಹೇಬ್ರ, ಬಿಸಲ ಏರಿದ ಕೂಡ್ಲೇ ಇನ್ವರ್ಟರ್ ಬಂದ್ ಆಗ್ತದ್ರಿ." ಆ್ಯಪ್‌ನ ಗ್ರಾಫ್ ತೆರೆದರೆ 11ರಿಂದ 2ರವರೆಗೆ ಹಣಿಗೆಯ ಹಲ್ಲು. ಇನ್ವರ್ಟರ್, ಅಂದರೆ ಸೋಲಾರ್ ಪ್ಲೇಟಿನ ಡಿಸಿಯನ್ನು ಎಸಿ ಮಾಡಿ ಲೈನಿಗೆ ಕೊಡುವ ಪೆಟ್ಟಿಗೆ, ಕೆಟ್ಟಿರುವುದಿಲ್ಲ. ವೋಲ್ಟೇಜ್ 230ರ ಶೇ. 110, ಅಂದರೆ 253 ದಾಟಿದರೆ 2 ಸೆಕೆಂಡಿನೊಳಗೆ ಲೈನ್ ಬಿಡಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮವಿದೆ. ಅದು ನಿಯಮ ಪಾಲಿಸುತ್ತಿದೆ, ಅಷ್ಟೇ.

ಕರೆಂಟ್ ಮನೆಯಿಂದ ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಕಡೆ ಹರಿಯಬೇಕಾದರೆ ಇನ್ವರ್ಟರ್ ತುದಿಯಲ್ಲಿ ವೋಲ್ಟೇಜ್ ಹೆಚ್ಚಿರಲೇಬೇಕು. ಎಷ್ಟು ಹೆಚ್ಚು ಎಂಬುದು ವೈರಿನ ದಪ್ಪ, ಉದ್ದ ಮತ್ತು ಹರಿಯುವ ಕರೆಂಟಿನ ಮೇಲೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕೊಟ್ಟಾಗ ಅದೇ ಟಿಸಿಯ ಮೇಲೆ ಮನೆಗಳೂ ಇದ್ದರೆ ವೋಲ್ಟೇಜ್ 220ಕ್ಕೆ ಇಳಿದಿರುತ್ತದೆ, ತೊಂದರೆ ಕಾಣುವುದಿಲ್ಲ. ಪಂಪ್ ನಿಂತ ದಿನ, ಮಳೆ ಬಿದ್ದು ಬಿಸಿಲು ಬಿಟ್ಟ ದಿನ, ಪ್ಲೇಟಿನ ಮೇಲೆ ಕೂತ ತೊಗರಿ ರಾಶಿಯ ಧೂಳು ತೊಳೆದ ಮರುದಿನ ಟ್ರಿಪ್ (ತಾನಾಗಿ ಬಂದ್ ಆಗುವುದು) ಶುರು. ಪ್ಲೇಟು ತೊಳೆದದ್ದೇ ತಪ್ಪಾಯಿತೇ ಎಂದು ಕೇಳಿದವರೂ ಇದ್ದಾರೆ!

ನಾನು ಮೊದಲು ಮಾಡುವುದು ಅಳತೆ. ಮಧ್ಯಾಹ್ನ 12ಕ್ಕೆ ಇನ್ವರ್ಟರ್ ಬಂದ್ ಇಟ್ಟು ಮೀಟರ್ ಹತ್ತಿರ ಒಂದು ರೀಡಿಂಗ್. ಚಾಲೂ ಮಾಡಿ, ಪೂರ್ತಿ ಲೋಡ್‌ಗೆ ಏರಿದ ಮೇಲೆ ಟ್ರಿಪ್ ಆಗುವ ಮೊದಲೇ ಮೀಟರ್ ಹತ್ತಿರ ಒಂದು, ಇನ್ವರ್ಟರಿನ ಎಸಿ ಟರ್ಮಿನಲ್‌ನಲ್ಲಿ ಒಂದು. ಇಬ್ಬರು ಬೇಕು, ಏಕಕಾಲಕ್ಕೆ ಓದಬೇಕು. ಒಂದು ಮನೆಯಲ್ಲಿ ಸಿಕ್ಕ ಲೆಕ್ಕ: ಬಂದ್ ಇದ್ದಾಗ 240, ಚಾಲೂ ಆದಾಗ ಮೀಟರಿನಲ್ಲಿ 245, ಇನ್ವರ್ಟರಿನಲ್ಲಿ 254. ಹೊರಗಿನ ಲೈನ್ ಏರಿಸಿದ್ದು 5 ವೋಲ್ಟ್, ಮನೆಯದೇ ಕೇಬಲ್ ಏರಿಸಿದ್ದು 9. ಮಾಳಿಗೆಯಿಂದ ಮೀಟರಿಗೆ 45 ಮೀಟರ್, 4 ಚದರ ಮಿ.ಮೀ. ತಾಮ್ರ. ಹೋಗಿಬರುವ 90 ಮೀಟರಿನ ರೋಧ ಸುಮಾರು 0.45 ಓಮ್, 20 ಆಂಪಿಯರ್ ಗುಣಿಸಿದರೆ ಅದೇ 9.

4 ಚದರದ ವೈರ್ 20 ಆಂಪಿಯರ್ ತಡೆಯುತ್ತದೆ, ಸುಡುವುದಿಲ್ಲ. ಹಾಗಾಗಿ ಅದನ್ನೇ ಎಳೆದುಬಿಡುತ್ತಾರೆ. ಆದರೆ ಇಲ್ಲಿ ಪ್ರಶ್ನೆ ಬಿಸಿಯದ್ದಲ್ಲ, ವೋಲ್ಟೇಜಿನದು. 10 ಚದರದ ತಾಮ್ರ ಹಾಕಿದಾಗ ಏರಿಕೆ ಮೂರೂವರೆ ವೋಲ್ಟಿಗೆ ಇಳಿದು ಇನ್ವರ್ಟರ್ 249ರ ಆಚೀಚೆ ನಿಂತಿತು. 16 ಚದರದ ಅಲ್ಯೂಮಿನಿಯಂ ಹಾಕಿದರೂ ಹೆಚ್ಚುಕಡಿಮೆ ಅಷ್ಟೇ, ಅಗ್ಗ ಕೂಡ. ಆದರೆ ತಾಮ್ರಕ್ಕೆ ಅಲ್ಯೂಮಿನಿಯಂ ಕೂಡುವಲ್ಲಿ ಬೈಮೆಟಲ್ ಲಗ್ (ಎರಡೂ ಲೋಹಕ್ಕೆ ಹೊಂದುವ ಜೋಡಣೆ ತುಂಡು) ಬಿಟ್ಟು ಬರೀ ಸುತ್ತಿ ಬಿಗಿದರೆ ಜಾಯಿಂಟ್ ಕಪ್ಪಾಗಿ ಅಲ್ಲೇ ಮತ್ತೆ ವೋಲ್ಟೇಜ್ ಏರುತ್ತದೆ.

ಇನ್ವರ್ಟರಿನ ಪವರ್ ಫ್ಯಾಕ್ಟರ್ 0.95ಕ್ಕೆ ಇಟ್ಟು, ಅದು ಲೈನಿನಿಂದ ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ಹೋಗಿಬರುವ ಪವರ್) ಹೀರಿ ವೋಲ್ಟೇಜ್ ಇಳಿಸುವಂತೆ ಮಾಡುವ ಉಪಾಯವೂ ಇದೆ. ಹಳ್ಳಿಯ ಎಲ್‌ಟಿ ಲೈನಿನಲ್ಲಿ (ಟಿಸಿಯಿಂದ ಮನೆಗೆ ಬರುವ ಲೈನ್) ರೋಧವೇ ಹೆಚ್ಚು, ಆದ್ದರಿಂದ ಒಂದೆರಡು ವೋಲ್ಟ್ ಇಳಿದರೆ ಹೆಚ್ಚು. ಮೇಲಾಗಿ 5 ಕೆವಿಎ ಇನ್ವರ್ಟರ್ 4.75 ಕಿಲೋವ್ಯಾಟ್ ಮಾತ್ರ ಕೊಡುತ್ತದೆ. ಸೆಟ್ಟಿಂಗಿಗೆ ಹೋಗಿ ಮಿತಿಯನ್ನು 265, 270ಕ್ಕೆ ಏರಿಸುವವರೂ ಇದ್ದಾರೆ. ಟ್ರಿಪ್ ನಿಲ್ಲುತ್ತದೆ, ನಿಜ. ಆ ವೋಲ್ಟೇಜ್ ಮನೆಯ ಫ್ರಿಜ್ಜು, ಟಿವಿ, ಬಲ್ಬುಗಳಿಗೂ ಬಡಿಯುತ್ತದೆ. ನಾನು ಮಾಡುವುದಿಲ್ಲ.

ಇನ್ವರ್ಟರ್ ಬಂದ್ ಇದ್ದಾಗಲೇ ಮೀಟರಿನಲ್ಲಿ 250 ತೋರಿಸಿದರೆ ಕೇಬಲ್ ಬದಲಿಸಿ ಉಪಯೋಗವಿಲ್ಲ. ಆಗ ಮೂರೂ ಫೇಸ್ ಅಳೆಯಿರಿ. ಒಂದು 250, ಇನ್ನೊಂದು 205 ಬಂದು, ಪಕ್ಕದ ಮನೆಯವರು ಹಿಟ್ಟಿನ ಗಿರಣಿ ಹಚ್ಚಿದಾಗ ಅಂಕಿ ಕುಣಿದರೆ ಕಂಬದ ಮೇಲೆ ನ್ಯೂಟ್ರಲ್ ಸಡಿಲಾಗಿದೆ ಎಂದು ತಿಳಿಯಿರಿ. ಅದನ್ನು ಲೈನ್‌ಮನ್ನೇ ಹತ್ತಿ ಬಿಗಿಯಬೇಕು. ಅವರು ಬರುವವರೆಗೆ ಇನ್ವರ್ಟರಿನ ಎಸಿ ಕಡೆಯ ಎಂಸಿಬಿ ಸ್ವಿಚ್ ಇಳಿಸಿಡಿ.