ರಂಗನತಿಟ್ಟಿಗೆ ಗೂಡಿನ ಕಾಲದಲ್ಲಿ ಹೋಗುವವರಿಗೆ

ಚಳಿ ಮುಗಿದ ಮೇಲೆ ರಂಗನತಿಟ್ಟಿನಲ್ಲಿ ಏನು ಉಳಿದಿರುತ್ತದೆ, ವಲಸೆ ಹಕ್ಕಿಗಳೆಲ್ಲ ವಾಪಸು ಹೊರಟಿರುತ್ತವಲ್ಲ ಎಂದು ಕೇಳುವವರಿದ್ದಾರೆ. ಹೊರಡುವುದು ನಿಜ. ಆದರೆ ಇಲ್ಲಿಯ ದೊಡ್ಡ ನೋಟ ವಲಸೆಯದಲ್ಲ, ಬಾಣಂತನದ್ದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಯುಗಾದಿಯ ಹಿಂದುಮುಂದಿನ ವಾರಗಳಲ್ಲಿ, ಕಾವೇರಿಯ ನಡುವಿನ ತಿಟ್ಟುಗಳ ಮೇಲೆ ಒಂದೊಂದು ಮರವೂ ಒಂದು ಕೇರಿಯಾಗಿರುತ್ತದೆ. ಈ ಮೂರು ತಿಂಗಳಲ್ಲಿ ಎಲ್ಲವನ್ನೂ ನಡೆಸುವುದು ಎರಡೇ ಸಂಗತಿ: ಬಿಸಿಲು ಮತ್ತು ಹೊಳೆಯ ನೀರಿನ ಮಟ್ಟ. ಯಾವ ಹೊತ್ತಿಗೆ ಹೋಗಬೇಕು, ಯಾವ ಪ್ರಾಣಿ ಎಲ್ಲಿ ಸಿಗುತ್ತದೆ, ದೋಣಿ ಎಷ್ಟು ದೂರದಲ್ಲಿ ನಿಲ್ಲಬೇಕು ಎಂಬುದೆಲ್ಲ ಇವೆರಡರಿಂದಲೇ ತೀರ್ಮಾನವಾಗುತ್ತದೆ.

ಜಾಗದ ಪರಿಚಯ ಚಿಕ್ಕದಾಗಿ. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಹೊಳೆಗೆ ಅಡ್ಡಲಾಗಿ ಕಟ್ಟಿಸಿದ ಕಟ್ಟೆಯಿಂದ ನೀರು ನಿಂತು ಇಲ್ಲಿ ಪುಟ್ಟ ದ್ವೀಪಗಳು ಮೂಡಿದವು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಆ ಪಟ್ಟಿಗೆ ಹೋದ ಮೊದಲ ಜೌಗು ನೆಲ ಇದೇ. ಶ್ರೀರಂಗಪಟ್ಟಣದಿಂದ ನಾಲ್ಕು ಕಿಲೋಮೀಟರ್ ಆಸುಪಾಸು. ಬಸ್ಸಿನಲ್ಲೋ ರೈಲಿನಲ್ಲೋ ಪಟ್ಟಣಕ್ಕೆ ಬಂದವರು ಅಲ್ಲಿಂದ ಆಟೊ ಹಿಡಿಯಬಹುದು; ವಾಪಸು ಬರುವುದಕ್ಕೂ ಅದೇ ಆಟೊದವರ ಜತೆ ಮಾತಾಡಿಕೊಂಡಿರಿ, ಪಕ್ಷಿಧಾಮದ ಬಾಗಿಲಲ್ಲಿ ಖಾಲಿ ಗಾಡಿ ಸಿಗುವುದು ಖಾತ್ರಿಯಿಲ್ಲ.

ಹೊತ್ತು ಆರಿಸುವುದು

ಬೆಳಿಗ್ಗೆ ಟಿಕೆಟ್ ಕೌಂಟರ್ ತೆರೆಯುವ ಹೊತ್ತಿಗೆ ಬಾಗಿಲಲ್ಲಿರಬೇಕು, ಮೊದಲ ದೋಣಿ ಹಿಡಿಯಬೇಕು. ತಂಪು ಹೊತ್ತಿನಲ್ಲಿ ತಾಯಿತಂದೆ ಹಕ್ಕಿಗಳು ಮೀನು ತಂದು ಮರಿಗಳಿಗೆ ಕಕ್ಕುತ್ತಿರುತ್ತವೆ, ಗೂಡಿಗೆ ಕಡ್ಡಿ ತರುವ ಓಡಾಟವೂ ಜೋರಾಗಿರುತ್ತದೆ. ಹನ್ನೊಂದರ ನಂತರ ಬಿಸಿಲು ಏರಿದಂತೆ ಈ ಚಟುವಟಿಕೆ ತಗ್ಗುತ್ತದೆ. ಬೆಳಿಗ್ಗೆ ಆಗದಿದ್ದರೆ ಮಧ್ಯಾಹ್ನ ಮೂರೂವರೆಯ ನಂತರ ಬನ್ನಿ. ಭಾನುವಾರ ಮತ್ತು ರಜೆಯ ದಿನ ದೋಣಿಗೆ ಸಾಲು ಉದ್ದವಾಗಿರುತ್ತದೆ, ಹತ್ತೂವರೆಗೆ ಬಂದವರ ಸರದಿ ಬರುವಷ್ಟರಲ್ಲಿ ಹೊಳೆಯ ಮೇಲೆ ಬೆಳಕು ಕಣ್ಣು ಕುಕ್ಕುತ್ತಿರುತ್ತದೆ. ವಾರದ ನಡುವೆ ಬರಲಾಗುವವರು ಪುಣ್ಯವಂತರು.

ಹಾಗೆಂದು ನಡುಮಧ್ಯಾಹ್ನ ಪೂರಾ ದಂಡವಲ್ಲ. ಆಗಲೇ ಕಾಣುವ ಒಂದು ನೋಟವಿದೆ: ಬಣ್ಣದ ಕೊಕ್ಕರೆ ಸೂರ್ಯನಿಗೆ ಬೆನ್ನು ಕೊಟ್ಟು, ರೆಕ್ಕೆಗಳನ್ನು ಅರೆಬಿಚ್ಚಿ, ಮರಿಗಳ ಮೇಲೆ ಕೊಡೆ ಹಿಡಿದು ನಿಲ್ಲುತ್ತದೆ. ಸೂರ್ಯ ಸರಿದಂತೆ ತಾನೂ ತಿರುಗುತ್ತದೆ. ಅದರ ಕಾಲು ನೋಡಿ. ಗುಲಾಬಿಯಿರಬೇಕಾದ ಕಾಲಿಗೆ ಸುಣ್ಣ ಬಳಿದಂತಿದ್ದರೆ, ಮೈ ತಂಪಾಗಲೆಂದು ತನ್ನ ಕಾಲ ಮೇಲೆ ತಾನೇ ಹಿಕ್ಕೆ ಹಾಕಿಕೊಂಡಿದೆ ಎಂದರ್ಥ. ತೇವ ಆರುವಾಗ ಮೈಯ ಬಿಸಿ ಇಳಿಯುತ್ತದೆ. ನೀರುಕಾಗೆ, ಹೆಜ್ಜಾರ್ಲೆಗಳು (ಪೆಲಿಕನ್) ಬಾಯಿ ತೆರೆದು ಗಂಟಲಿನ ಚರ್ಮವನ್ನು ಪಟಪಟನೆ ಅದುರಿಸುವುದೂ ಇದೇ ಕೆಲಸಕ್ಕೆ.

ದೋಣಿಯಲ್ಲಿ

ಅರಣ್ಯ ಇಲಾಖೆಯ ಸಾಮಾನ್ಯ ದೋಣಿ ಸುಮಾರು ಕಾಲು ಗಂಟೆಯ ಸುತ್ತು. ಕ್ಯಾಮೆರಾದವರು, ನಿಧಾನವಾಗಿ ನೋಡಬೇಕೆನ್ನುವವರು ನಾಲ್ಕೈದು ಜನ ಸೇರಿ ಪ್ರತ್ಯೇಕ ದೋಣಿ ಕೇಳಿ ಪಡೆಯುವುದು ಒಳ್ಳೆಯದು. ದರಗಳು ಬದಲಾಗುತ್ತಿರುತ್ತವೆ, ದೊಡ್ಡ ಲೆನ್ಸಿಗೆ ಬೇರೆ ಶುಲ್ಕವೂ ಇರುತ್ತದೆ. ಕೌಂಟರಿನಲ್ಲಿ ಮೊದಲೇ ಹೇಳಿ ರಸೀದಿ ಪಡೆಯಿರಿ.

ಲೈಫ್ ಜಾಕೆಟ್‌ನ ಪಟ್ಟಿಗಳನ್ನು ಬಿಗಿಯಾಗಿ ಕಟ್ಟಿಕೊಳ್ಳಿ. ಯಾವ ಬದಿಗೆ ಕೂರಬೇಕೆಂದು ಜಗಳಾಡಬೇಕಿಲ್ಲ, ದೋಣಿ ತಿಟ್ಟುಗಳನ್ನು ಬಳಸಿ ಬರುವುದರಿಂದ ಎರಡೂ ಬದಿಗೆ ಸರದಿ ಬರುತ್ತದೆ. ಎದ್ದು ನಿಲ್ಲುವುದು, ಒಂದೇ ಬದಿಗೆ ಎಲ್ಲರೂ ವಾಲುವುದು ಬೇಡ. ಕೈಯನ್ನು ನೀರಿಗೆ ಇಳಿಬಿಡುವುದಂತೂ ಬೇಡವೇ ಬೇಡ, ಈ ನೀರಿನಲ್ಲಿ ಮೊಸಳೆಗಳಿವೆ.

ಹುಟ್ಟು ಹಾಕುವವರಿಗೆ ಪ್ರತಿ ಬಂಡೆಯ ಬಾಡಿಗೆದಾರರೂ ಗೊತ್ತು. ಅವರನ್ನು ಕೇಳಬೇಕಾದ್ದು "ಇನ್ನೂ ಹತ್ತಿರ ಹೋಗೋಣ" ಎಂದಲ್ಲ, "ಈ ವಾರ ಯಾವ ಬಂಡೆ ಮೇಲೆ ಏನಿದೆ ಅಣ್ಣಾ" ಎಂದು. ದೋಣಿ ಹತ್ತಿರವಾಗಿ ಗೂಡಿನ ಹಕ್ಕಿ ಎದ್ದರೆ ಆಗುವುದಿಷ್ಟು: ಮೊಟ್ಟೆ ಅಥವಾ ರೋಮ ಬಾರದ ಮರಿ ನೇರ ಬಿಸಿಲಿಗೆ ಬೀಳುತ್ತದೆ, ಕಾಯುತ್ತಿದ್ದ ಕಾಗೆ, ಹದ್ದು ಇಳಿಯುತ್ತವೆ, ಪಕ್ಕದ ಗೂಡುಗಳೂ ಗಾಬರಿಯಾಗುತ್ತವೆ. ಏಳುವ ಮುಂಚೆ ಹಕ್ಕಿ ಸೂಚನೆ ಕೊಡುತ್ತದೆ. ಕೂತಿದ್ದು ಎದ್ದು ನಿಲ್ಲುತ್ತದೆ, ಕತ್ತು ನೀಳ ಮಾಡುತ್ತದೆ, ಮೈಯ ಗರಿ ಬಿಗಿ ಹಿಡಿಯುತ್ತದೆ. ಇಷ್ಟು ಕಂಡರೆ ದೋಣಿ ಹಿಂದಕ್ಕೆ ಬರಲಿ ಎಂದು ನೀವೇ ಹೇಳಿ.

ಏನನ್ನು ಹೇಗೆ ಗುರುತಿಸುವುದು

ಬಣ್ಣದ ಕೊಕ್ಕರೆಯನ್ನು ಯಾರೂ ತಪ್ಪಿಸಿಕೊಳ್ಳುವುದಿಲ್ಲ: ಹಳದಿ ಕೊಕ್ಕು, ಕಿತ್ತಳೆ ಮುಖ, ಎದೆಗೆ ಕಪ್ಪು ಪಟ್ಟಿ, ಬಾಲದ ಬುಡದ ಹತ್ತಿರ ಗುಲಾಬಿ ಗರಿ. ಹೊಸಬರು ಎಡವುವುದು ಮರಿಗಳಲ್ಲಿ. ಎಳೆಯ ಮರಿ ಬಿಳಿ ಹತ್ತಿಯ ಉಂಡೆ; ವಾರಗಳು ಕಳೆದಂತೆ ಮಾಸಲು ಕಂದಾಗುತ್ತದೆ, ಗುಲಾಬಿಯ ಸುಳಿವೂ ಇರುವುದಿಲ್ಲ. ಅದನ್ನೇ ಬೇರೆ ಜಾತಿಯೆಂದು ಬರೆದುಕೊಂಡು ಹೋಗುವವರುಂಟು. ಕಾವು ಸುಮಾರು ಒಂದು ತಿಂಗಳು, ಗೂಡು ಬಿಡಲು ಇನ್ನೆರಡು ತಿಂಗಳು. ಹಾಗಾಗಿ ಒಂದೇ ಮರದಲ್ಲಿ ಬಿಳಿ ಮರಿ, ಕಂದು ಮರಿ, ಇನ್ನೂ ಕಾವಿಗೆ ಕೂತ ಹಕ್ಕಿ ಮೂರೂ ಸಿಗುತ್ತವೆ. ದೊಡ್ಡವು ಹೆಚ್ಚುಕಡಿಮೆ ಮೂಕ ಹಕ್ಕಿಗಳು, ಕೊಕ್ಕು ಕಟಕಟಿಸುವುದಷ್ಟೇ. ಕೇಳಿಸುವ ಗಲಾಟೆಯೆಲ್ಲ ಹಸಿದ ಮರಿಗಳದು.

ಬಾಯಿಕಳಕ ಎಂಬ ಕೊಕ್ಕರೆಯ ಮೇಲಿನ, ಕೆಳಗಿನ ಕೊಕ್ಕಿನ ನಡುವೆ ಸಂದಿಯಿರುತ್ತದೆ, ಹೆಸರು ಬಂದಿದ್ದೇ ಅದರಿಂದ. ಬಸವನಹುಳು ತಿನ್ನುವ ಹಕ್ಕಿಗೆ ಹೇಳಿ ಮಾಡಿಸಿದ ಕೊಕ್ಕು. ಆದರೆ ಮರಿಗೆ ಆ ಸಂದಿ ಇರುವುದಿಲ್ಲ, ಬೆಳೆಯುತ್ತ ಬರುತ್ತದೆ; ಕೊಕ್ಕು ಮುಚ್ಚಿಕೊಂಡಿರುವ ಬಾಯಿಕಳಕ ಕಂಡರೆ ಅದು ಎಳೆಯದು. ಚಮಚಕೊಕ್ಕಿನ ಹಕ್ಕಿ ಹೆಚ್ಚಿನ ಹೊತ್ತು ಕೊಕ್ಕನ್ನು ಬೆನ್ನಿನ ಗರಿಯಲ್ಲಿ ಹುದುಗಿಸಿ ನಿದ್ದೆ ಹೊಡೆಯುವುದರಿಂದ ಚಮಚವೇ ಕಾಣುವುದಿಲ್ಲ. ಆಗ ಕಾಲು ನೋಡಿ, ಅದು ಕಪ್ಪು. ಬಿಳಿ ಕೆಂಬರಲಿಗೂ ಕಪ್ಪು ಕಾಲೇ, ಆದರೆ ಅದಕ್ಕೆ ಬೋಳು ಕರಿ ತಲೆ, ಕುಡುಗೋಲಿನಂಥ ಕೊಕ್ಕು.

ಬೆಳ್ಳಕ್ಕಿಗಳು ಈ ಕಾಲದಲ್ಲಿ ಒಳ್ಳೊಳ್ಳೆಯವರನ್ನೂ ಗೊಂದಲಕ್ಕೆ ಹಾಕುತ್ತವೆ, ಏಕೆಂದರೆ ಬಣ್ಣ ಬದಲಿಸಿಕೊಂಡಿರುತ್ತವೆ. ದೊಡ್ಡ ಬೆಳ್ಳಕ್ಕಿಯ ಹಳದಿ ಕೊಕ್ಕು ಮರಿ ಮಾಡುವ ಕಾಲಕ್ಕೆ ಕಪ್ಪಾಗುತ್ತದೆ, ಆದ್ದರಿಂದ ಕೊಕ್ಕಿನ ಬಣ್ಣ ನಂಬಬೇಡಿ. ಬಾಯಿಯ ಗೆರೆ ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿದ್ದರೆ ಅದು ದೊಡ್ಡ ಬೆಳ್ಳಕ್ಕಿಯೇ. ಸಣ್ಣ ಬೆಳ್ಳಕ್ಕಿಗೆ ಕಪ್ಪು ಕಾಲು, ಹಳದಿ ಬೆರಳು, ತಲೆಯ ಹಿಂದೆ ಎರಡೆಳೆ ಜುಟ್ಟು. ಗೋವಕ್ಕಿಯ ತಲೆ, ಕತ್ತು, ಬೆನ್ನು ಕಿತ್ತಳೆಗೆ ತಿರುಗಿರುತ್ತದೆ.

ಮರ ಬಿಟ್ಟು ಬಂಡೆಗಳ ಕಡೆ ಕಣ್ಣು ಹಾಯಿಸುವವರು ಕಡಿಮೆ. ಈ ಕಾಲದ ಅರ್ಧ ಸೊಗಸು ಅಲ್ಲೇ ಇದೆ. ಮಾರ್ಚ್‌ನಿಂದ ಮೇವರೆಗೆ ಹೊಳೆ ರೀವ (ರಿವರ್ ಟರ್ನ್) ಎಂಬ ಹಕ್ಕಿ ಬರಿ ಬಂಡೆಯ ತಗ್ಗಿನಲ್ಲಿ ಮೊಟ್ಟೆಯಿಡುತ್ತದೆ. ಕಪ್ಪು ಟೋಪಿ, ಹಳದಿ ಕೊಕ್ಕು, ಆಳವಾಗಿ ಸೀಳಿದ ಬಾಲ. ಗಂಡು ಹಕ್ಕಿ ಮೀನು ತಂದು ಹೆಣ್ಣಿನ ಬಾಯಿಗಿಡುವುದು ನೋಡಲು ಸಿಗುತ್ತದೆ. ಹಗಲಿನಲ್ಲಿ ಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲಿಕ್ಕಿಂತ ಹೆಚ್ಚಾಗಿ ನೆರಳು ಕೊಡಲಿಕ್ಕೆ, ಕಾದ ಕಲ್ಲಿನ ಮೇಲೆ ತೆರೆದಿಟ್ಟ ಮೊಟ್ಟೆ ಬೇಗ ಕೆಡುತ್ತದೆ. ಇದರ ಇನ್ನೊಂದು ಶತ್ರು ನೀರು. ಮೇಲೆ ಕೆಆರ್‌ಎಸ್ ಅಣೆಕಟ್ಟೆಯಿಂದ ಹೊಳೆಗೆ ಒಮ್ಮೆಗೇ ನೀರು ಬಂದರೆ ತಗ್ಗು ಬಂಡೆಗಳ ಮೊಟ್ಟೆ ಕೊಚ್ಚಿಹೋಗುತ್ತವೆ. ಹೋದ ವಾರ ಗೂಡಿದ್ದ ಬಂಡೆ ಈ ವಾರ ಖಾಲಿಯೆಂದರೆ ಕಾರಣ ಇದೂ ಇರಬಹುದು.

ಅದೇ ಬಂಡೆಗಳ ಮೇಲೆ ಕಲ್ಲಿನದೇ ಬಣ್ಣದ ಬಂಡೆಗೊರವ ಅಲುಗಾಡದೆ ನಿಂತಿರುತ್ತದೆ. ಹಕ್ಕಿಯನ್ನು ಹುಡುಕಿದರೆ ಸಿಗುವುದಿಲ್ಲ, ದೊಡ್ಡ ಹಳದಿ ಕಣ್ಣನ್ನು ಹುಡುಕಬೇಕು. ಬಂಡೆಯ ಚಾಚಿನ ಕೆಳಗೆ ಮಣ್ಣಿನ ಕುಡಿಕೆಗಳನ್ನು ಒತ್ತೊತ್ತಾಗಿ ಅಂಟಿಸಿದಂತೆ ಕಂಡರೆ ಅವು ಅಂಬರಗುಬ್ಬಿಗಳ ಗೂಡು.

ಮೊಸಳೆ ಕಾಣಬೇಕಾದರೆ ಮತ್ತೆ ಬಿಸಿಲಿನ ಲೆಕ್ಕ. ಫೆಬ್ರವರಿಯಲ್ಲಿ ಹತ್ತು ಗಂಟೆಗೂ ಬಂಡೆಯ ಮೇಲೆ ಬಿದ್ದುಕೊಂಡಿರುತ್ತವೆ. ಏಪ್ರಿಲ್‌ನಲ್ಲಿ ಬೇಗ ಕಾದು ನೀರಿಗಿಳಿಯುವುದರಿಂದ ಮೊದಲ ದೋಣಿಯವರಿಗೇ ಅದೃಷ್ಟ. ಬಾಯಿ ಅಗಲಿಸಿ ಮಲಗಿದ್ದರೆ ಕೋಪವಲ್ಲ, ಬಿಸಿ ಹೊರಹಾಕುವ ಬಗೆ. ಹೆಣ್ಣು ಮೊಸಳೆ ದಂಡೆಯ ಮಣ್ಣು ತೋಡಿ ಮೊಟ್ಟೆಯಿಡುವುದೂ ಈ ತಿಂಗಳುಗಳಲ್ಲೇ, ಆದ್ದರಿಂದ ಕಾಲುದಾರಿ ಬಿಟ್ಟು ನೀರಿನಂಚಿಗೆ ಇಳಿಯಬೇಡಿ. ನೀರುನಾಯಿ ಕಂಡರೆ ಕಂಡಂತೆ, ಅದನ್ನು ನಂಬಿಕೊಂಡು ಬರಬೇಡಿ.

ಸಾಮಾನು, ಕ್ಯಾಮೆರಾ

ಬೈನಾಕ್ಯುಲರ್ 8×42, ಅಂದರೆ ಎಂಟು ಪಟ್ಟು ಹಿಗ್ಗಿಸಿ ತೋರಿಸುವುದು ಸಾಕು. ಹತ್ತು ಪಟ್ಟಿನದು ಅಲುಗುವ ದೋಣಿಯಲ್ಲಿ ಕೈ ನಡುಕವನ್ನೂ ದೊಡ್ಡದು ಮಾಡುತ್ತದೆ. ಇಲ್ಲಿ ಹಕ್ಕಿಗಳು ಹತ್ತಿರವೇ ಇರುವುದರಿಂದ 70–300 ಲೆನ್ಸಿನಲ್ಲೂ ಚೆನ್ನಾಗಿ ಬರುತ್ತದೆ. ಟ್ರೈಪಾಡ್ ದೋಣಿಯಲ್ಲಿ ನಿರುಪಯೋಗಿ. ಕೂತ ಹಕ್ಕಿಗೆ ಸೆಕೆಂಡಿನ 1/800, ಹಾರುವುದಕ್ಕೆ 1/2000 ಶಟರ್ ಇಟ್ಟುಕೊಳ್ಳಿ. ಎಲ್ಲರಿಗೂ ಆಗುವ ತಪ್ಪೆಂದರೆ ಬಿಳಿ ಗರಿ ಸುಟ್ಟುಹೋಗುವುದು. ಹಿಂದೆ ಕಪ್ಪು ಎಲೆಯಿದ್ದಾಗ ಕ್ಯಾಮೆರಾ ಒಟ್ಟು ಚಿತ್ರವನ್ನು ಬೆಳಗಲು ನೋಡುತ್ತದೆ, ಬೆಳ್ಳಕ್ಕಿ ಬರಿ ಬಿಳಿ ಕಲೆಯಾಗುತ್ತದೆ. ಎಕ್ಸ್‌ಪೋಷರನ್ನು (ಚಿತ್ರಕ್ಕೆ ಬೀಳುವ ಬೆಳಕನ್ನು) 0.7ರಿಂದ 1 ಸ್ಟಾಪ್‌ನಷ್ಟು ಇಳಿಸಿ. ಫ್ಲ್ಯಾಶ್ ಬೇಡ. ಕಡುಬಣ್ಣದ ಬಟ್ಟೆಯೂ ಬೇಡ, ಮೊಬೈಲಿನಲ್ಲಿ ಹಕ್ಕಿಕೂಗು ಹಾಕುವುದಂತೂ ಬೇಡವೇ ಬೇಡ. ತಿಂಡಿ ಚೀಲದೊಳಗಿರಲಿ, ಕೋತಿಗಳು ಕವರಿನ ಸದ್ದಿಗೇ ಬರುತ್ತವೆ.

ಮಕ್ಕಳಿದ್ದರೆ ಒಂದು ಕೆಲಸ ಕೊಡಿ. ದಡದಿಂದ ಕಾಣುವ ಒಂದೇ ಮರ ಆರಿಸಿ, ಹತ್ತು ನಿಮಿಷ ಗೂಡುಗಳನ್ನು ಎಣಿಸಲಿ: ಕಾವಿಗೆ ಕೂತವು ಎಷ್ಟು, ಬಿಳಿ ಮರಿಯವು ಎಷ್ಟು, ಕಂದು ಮರಿಯವು ಎಷ್ಟು. ದೊಡ್ಡ ಗುಂಪು ಎಣಿಸುವಾಗ ಮೊದಲು ಹತ್ತನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತೆಂದು ಕಣ್ಣಳತೆ ಮಾಡಿ, ಅಂಥವು ಎಷ್ಟಿವೆ ನೋಡುವುದು. ಆ ಪಟ್ಟಿಯನ್ನು ಹಕ್ಕಿ ನೋಡುವವರು ತಮ್ಮ ಲೆಕ್ಕ ದಾಖಲಿಸುವ ಇಬರ್ಡ್ ಜಾಲತಾಣಕ್ಕೆ ಹಾಕುವವರು ಗೂಡಿನ ನೆಲೆಯ ವಿವರವನ್ನೂ ಬರೆಯಿರಿ.

ಸಂಜೆ ಕಡೆಯ ತನಕ ಇರುವವರು ಬಿದಿರುಮೆಳೆಗಳ ಕಡೆ ನೋಡುತ್ತಿರಿ. ಹಗಲೆಲ್ಲ ಮುದುಡಿ ಕೂತಿದ್ದ ಇರುಳು ಬಕಗಳು ಆಗ ಕೆಲಸಕ್ಕೆ ಹೊರಡುತ್ತವೆ, ದೊಡ್ಡ ಬಾವಲಿಗಳೂ ಮೈ ಮುರಿಯುತ್ತವೆ.

ಬೆಂಗಳೂರಿಗೆ ಮರಳುವವರು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರನ್ನೂ ಸೇರಿಸಿಕೊಳ್ಳಬಹುದು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಮರಿ ಮಾಡುತ್ತವೆ. ದೋಣಿ ಬೇಡ, ಟಿಕೆಟ್ ಸಾಲಿಲ್ಲ. ಅದು ಜನರ ಮನೆಯಂಗಳ, ಒಳಗೆ ಕಾಲಿಡುವ ಮುಂಚೆ ಕೇಳಿ. ಮರದಡಿ ಬಿದ್ದ ಮರಿ ಕಂಡರೆ ನೀವು ಎತ್ತಬೇಡಿ, ಊರವರಿಗೆ ತಿಳಿಸಿ. ಟೋಪಿ ತಲೆ ಮೇಲಿರಲಿ, ಕಾರನ್ನು ಮಾತ್ರ ನೆರಳಿದೆಯೆಂದು ಗೂಡಿನ ಮರದ ಕೆಳಗೆ ನಿಲ್ಲಿಸಬೇಡಿ.