ಮೇಪಲ್ ರಸದ ಪೈಪಿನಲ್ಲಿ ಗಾಳಿ ಸೋರಿಕೆ: ನಿಂತಿದ್ದು ಹೀಗೆ

ಅಮೆರಿಕದ ವರ್ಮಾಂಟಿನ ನಮ್ಮ ಮೇಪಲ್ ತೋಪಿನಲ್ಲಿ, ಮರಗಳ ರಸವನ್ನು ಪೈಪಿನಲ್ಲಿ ಎಳೆಯುವ ಪಂಪ್ ಚೆನ್ನಾಗಿ ಓಡುತ್ತಿದ್ದರೂ ವ್ಯಾಕ್ಯೂಮ್ ಗೇಜ್ (ಎಳೆತ ಎಷ್ಟಿದೆಯೆಂದು ತೋರಿಸುವ ಮಾಪಕ) ಪಾದರಸದ 25 ಇಂಚು ಮುಟ್ಟುತ್ತಲೇ ಇರಲಿಲ್ಲ. 5/16 ಇಂಚಿನ ಪೈಪಿನೊಳಗೆ ಗುಳ್ಳೆಗಳು ಸರಸರ ಓಡುತ್ತಿದ್ದವು. ಅಂದರೆ ಎಲ್ಲೋ ಜೋಡಣೆಯಲ್ಲಿ ಗಾಳಿ ನುಗ್ಗುತ್ತಿದೆ.

ಟೇಪ್ ಸುತ್ತಿದರೆ ಚಳಿಗೆ ಬಿಟ್ಟುಕೊಂಡಿತು. ಕ್ಲಾಂಪ್ ಬಿಗಿದರೂ ಗುಳ್ಳೆ ನಿಲ್ಲಲಿಲ್ಲ. ಲೈಟರ್‌ನಿಂದ ಕಾಯಿಸಿದರೆ ಪೈಪ್ ಒಂದು ಪಕ್ಕ ಮಾತ್ರ ತೆಳ್ಳಗಾಯಿತು.

ಕೆಲಸಕ್ಕೆ ಬಂದಿದ್ದು ಫ್ಲಾಸ್ಕಿನ ಬಿಸಿನೀರು. ಮೊದಲು ಹಳೆ ತುದಿಯನ್ನು ಕತ್ತರಿಸಿ ಬಿಸಾಕಿ. ಒಮ್ಮೆ ಹಿಗ್ಗಿದ ಪೈಪ್ ಮತ್ತೆ ಗಟ್ಟಿಯಾಗಿ ಹಿಡಿಯುವುದಿಲ್ಲ. ಕಟರ್ ಬಳಸಿ, ಓರೆಯಾಗದಂತೆ ಕತ್ತರಿಸಿ. ಹೊಸ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಬೆರಳಿಗೆ ಮೆತ್ತಗೆ ಸಿಗುವ ತನಕ ಹಿಡಿಯಿರಿ. ತಕ್ಷಣ ಟೀ (ಪೈಪುಗಳನ್ನು ಜೋಡಿಸುವ T ಆಕಾರದ ತುಂಡು) ಮೇಲಿನ ಉಬ್ಬು ಬಳೆಗಳೆಲ್ಲ ಪೈಪಿನೊಳಗೆ ಮುಚ್ಚಿಹೋಗುವಷ್ಟು ನೇರವಾಗಿ ಒತ್ತಿ. ಕೊನೆಯ ಬಳೆ ಹೊರಗೆ ಕಂಡರೆ ಅದು ಸೋರಿಯೇ ಸೋರುತ್ತದೆ. ತಣ್ಣಗಾಗುವ ಮುಂಚೆ ಎಳೆಯಬೇಡಿ, ತಿರುಚಬೇಡಿ.

ಮರದ ಕಡೆಯೂ ನೋಡಿ. ರಸಕ್ಕೆ ಕೊರೆಯುವ ತೂತು 5/16 ಇಂಚು ಅಗಲ, ಒಂದೂವರೆ ಇಂಚು ಆಳ, ಹರಿತವಾದ ಡ್ರಿಲ್ ಬಿಟ್. ತೂತಿಗೆ ಸಿಕ್ಕಿಸುವ ನಳಿಕೆಯನ್ನು ಮೆಲ್ಲಗೆ ಬಡಿಯುತ್ತಾ ಹೋಗಿ, ಸದ್ದು ಬದಲಾದ ಕೂಡಲೇ ನಿಲ್ಲಿಸಿ. ಜಾಸ್ತಿ ಹೊಡೆದರೆ ಮರ ಸೀಳಿ ಅಲ್ಲಿಂದಲೇ ಗಾಳಿ ಬರುತ್ತದೆ.

ಆಮೇಲೆ ಒಂದೊಂದೇ ಪೈಪ್ ಸಾಲಿನ ವಾಲ್ವ್ ಮುಚ್ಚಿ ಗೇಜ್ ನೋಡಿ. ಯಾವುದನ್ನು ಮುಚ್ಚಿದಾಗ ಮುಳ್ಳು ಮೇಲೇರುತ್ತದೋ, ಸೋರಿಕೆ ಆ ಸಾಲಿನಲ್ಲಿದೆ.