ಹುತ್ತರಿ ಹುಲ್ಲಿನ ಗೋದಲಿ: ಮಕ್ಕಳ ಕೈಗೆ ಕ್ರಿಸ್‌ಮಸ್ ಕೊಟ್ಟ ನನ್ನ ಅನುಭವ

ಮಕ್ಕಳ ಕೈಗೆ ಕ್ರಿಸ್‌ಮಸ್ ಕೆಲಸ ಕೊಟ್ಟರೆ ಹಬ್ಬ ಕೆಡುತ್ತೆ ಎಂದವರು ನಮ್ಮ ಮನೆಯಲ್ಲೇ ಇದ್ದರು, ಪಕ್ಕದ ಮನೆಯಲ್ಲೂ ಇದ್ದರು. ಈಗ ಅದೇ ಜನ ಡಿಸೆಂಬರ್ ಕೊನೆಗೆ ನಮ್ಮ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ನೋಡಲು ಬರುತ್ತಾರೆ. ಈ ಚಳಿಯಲ್ಲಿ ಭತ್ತ ಹೇಗೆ ಮೊಳಕೆ ಬಂತು ಎಂದು ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಗೋದಲಿ ಕಟ್ಟೋದು, ಕುಸ್ವಾರ್ ಅಂದರೆ ಕ್ರಿಸ್‌ಮಸ್ ತಿಂಡಿಗಳನ್ನು ಮಾಡೋದು ನಿಮಗೆಲ್ಲ ಗೊತ್ತಿರುವುದೇ. ಅಳತೆ, ಪಾಕ ಎಲ್ಲ ಬರೆಯಲು ಹೋಗಲ್ಲ. ಕಾಫಿ ಕುಯ್ಲಿನ ಮಧ್ಯೆ, ಕೈಯಲ್ಲಿ ದುಡ್ಡಿಲ್ಲದ ತಿಂಗಳಲ್ಲಿ, ಮೂರು ಮಕ್ಕಳನ್ನು ಜೊತೆಗಿಟ್ಟುಕೊಂಡು ಇದನ್ನು ಹೇಗೆ ಮಾಡಿದೆ, ಏನೇನು ಕೈಕೊಟ್ಟಿತು ಅನ್ನೋದಷ್ಟೇ ಇಲ್ಲಿದೆ.

ನಮ್ಮದು ಕೊಡಗಿನ ಸಿದ್ದಾಪುರದ ಕಡೆ ಸಣ್ಣ ಕಾಫಿ ತೋಟ. ಡಿಸೆಂಬರ್‌ನಲ್ಲಿ ಅರೇಬಿಕಾ ಕುಯ್ಲು ನಡೀತಾ ಇರುತ್ತೆ, ರೋಬಸ್ಟಾ ಇನ್ನೂ ಗಿಡದಲ್ಲೇ. ಆಳುಗಳಿಗೆ ವಾರಕ್ಕೆ ವಾರ ಬಟವಾಡೆ ಆಗಲೇಬೇಕು. ಕಾಫಿ ಮಾರಿದ ದುಡ್ಡು ಬರೋದು ಎಷ್ಟೋ ಆಮೇಲೆ. ಮೊದಲೆಲ್ಲ ಹಬ್ಬಕ್ಕೆ ಎರಡು ಮೂರು ದಿನ ಇರುವಾಗ ಪೇಟೆಗೆ ಹೋಗಿ ಎಲ್ಲವನ್ನೂ ಕಟ್ಟಿಸಿಕೊಂಡು ಬರುತ್ತಿದ್ದೆವು. ಪ್ಲಾಸ್ಟಿಕ್ ಮರಕ್ಕೆ 1,800 ಆಗಿತ್ತು ಅಂತ ನೆನಪು. ಸ್ಟಾರ್ 350 ಅಥವಾ 400. ಪ್ಲಾಸ್ಟರ್ ಮೂರ್ತಿಗಳ ಸೆಟ್ ಎರಡು ಸಾವಿರದ ಮೇಲೆ. ಕೇಕ್ ಬೇರೆ, ಸೀರಿಯಲ್ ಸೆಟ್ ಬೇರೆ. ಒಟ್ಟು ಐದಾರು ಸಾವಿರ ಹೋಗುತ್ತಿತ್ತು. ಮಕ್ಕಳು ಪೆಟ್ಟಿಗೆ ಬಿಚ್ಚಿ ಒಂದು ಗಂಟೆ ಕುಣಿದು ಟಿವಿ ಮುಂದೆ ಕೂರುತ್ತಿದ್ದರು. ಮಾರನೇ ವರ್ಷ ಅವರಿಗೆ ಏನೂ ನೆನಪಿರುತ್ತಿರಲಿಲ್ಲ.

ನಾನು ಹಿಡಿದ ದಾರಿ ಇದು. ಒಂದು ಮಗುವಿಗೆ ಒಂದು ಕೆಲಸ. ಶುರುವಿನಿಂದ ಕೊನೆವರೆಗೆ ಅದು ಆ ಮಗುವಿನದ್ದೇ. ಮುಂದಿನ ವರ್ಷವೂ ಅದೇ ಕೆಲಸ, ಅದರ ಮುಂದಿನ ವರ್ಷವೂ ಅದೇ. ದೊಡ್ಡವಳಿಗೆ ಗೋದಲಿಯ ಗದ್ದೆ, ಅಂದರೆ ಅದರ ಮುಂದೆ ಇಡಲು ತಟ್ಟೆಯಲ್ಲಿ ಬೆಳೆಸುವ ಪೈರು. ನಡುವಿನವನಿಗೆ ಸ್ಟಾರ್. ಚಿಕ್ಕವಳಿಗೆ ಬಾಲಯೇಸುವಿನ ತೊಟ್ಟಿಲಿನ ಹುಲ್ಲು. ಸರದಿ ಮೇಲೆ ಬದಲಾಯಿಸಿ ಎಂದು ತುಂಬಾ ಜನ ಹೇಳಿದರು. ನಾನು ಒಪ್ಪಲಿಲ್ಲ. ಬದಲಾಯಿಸಿದರೆ ಯಾವ ಕೆಲಸವೂ ಯಾರದ್ದೂ ಆಗಲ್ಲ. ಸಂಪ್ರದಾಯ ಅನ್ನೋದು ಮನೆಯಲ್ಲಿ ನಿಲ್ಲಬೇಕಾದರೆ 'ಇದು ನಂದು' ಎಂದು ಹಿಡಿದುಕೊಳ್ಳುವ ಒಬ್ಬರು ಬೇಕೇ ಬೇಕು.

ಗದ್ದೆಯಿಂದ ಶುರು ಮಾಡುತ್ತೇನೆ, ಜಾಸ್ತಿ ಪಾಡು ಪಟ್ಟಿದ್ದು ಅದರಲ್ಲೇ. ಮಂಗಳೂರಲ್ಲಿ ನಮ್ಮ ತವರಿನವರು ಗೋದಲಿಗೆ ತಟ್ಟೆಯಲ್ಲಿ ಭತ್ತ ಬಿತ್ತಿದರೆ ಸುಮ್ನೆ ಬರುತ್ತೆ. ಅಲ್ಲಿನ ಸೆಖೆಗೆ ಒಂದು ವಾರ ಸಾಕು. ಅದೇ ಲೆಕ್ಕದಲ್ಲಿ ಇಲ್ಲಿ ಬಿತ್ತಿದರೆ ಕ್ರಿಸ್‌ಮಸ್ ದಿನ ಬರೀ ಮಣ್ಣು. ಭತ್ತಕ್ಕೆ ಚಳಿ ಆಗಿಬರಲ್ಲ, ನಮ್ಮ ರಾತ್ರಿಗೆ ಅದು ಮಲಗಿಯೇ ಬಿಡುತ್ತೆ. ಒಂದು ವರ್ಷ ನೀರು ಜಾಸ್ತಿಯಾಗಿ ಕೊಳೆತು ನಾತ ಬಂತು. ಇನ್ನೊಂದು ವರ್ಷ ಚೆನ್ನಾಗಿಯೇ ಬಂದಿತ್ತು, ಬಿಸಿಲಿಗೆ ಹೊರಗಿಟ್ಟಾಗ ಕೋಳಿಗಳು ಬಂದು ಕೆದಕಿ ತಿಂದು ಹೋದವು. ದೊಡ್ಡವಳು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. "ಪೇಟೆಯಿಂದ ಹಸಿರು ಪ್ಲಾಸ್ಟಿಕ್ ಹುಲ್ಲು ತಂದು ಹಾಸು ಮಾರಾಯ್ತಿ, ಮಗುವನ್ನು ಯಾಕೆ ಅಳಿಸ್ತೀಯ" ಎಂದರು ಅತ್ತೆ.

ಈಗ ಮಾಡುವ ಕ್ರಮ ಹೀಗೆ. ಡಿಸೆಂಬರ್ ಮೊದಲ ವಾರ ಭತ್ತವನ್ನು ಒಂದು ದಿನ ಪೂರ್ತಿ ನೆನೆಸುತ್ತೇವೆ. ಗೋಣಿ ತುಂಡಿನಲ್ಲಿ ಕಟ್ಟಿ ಒಲೆ ಪಕ್ಕ ಇಡುತ್ತೇವೆ. ಗೋಣಿ ಬೆಚ್ಚಗಿರಬೇಕು, ಬಿಸಿಯಾಗಬಾರದು. ದೊಡ್ಡವಳು ಅಂಗೈ ಹಿಂಭಾಗ ಇಟ್ಟು ನೋಡುತ್ತಾಳೆ. ಬೆಳಗ್ಗೆ ಎದ್ದ ತಕ್ಷಣ ಅದೇ ಕೆಲಸ, ಹಲ್ಲುಜ್ಜೋದು ಆಮೇಲೆ. ಎರಡು ಮೂರು ದಿನಕ್ಕೆ ಬಿಳಿ ಮೂತಿ ಕಾಣುತ್ತೆ. ಆಗ ಗಂಟು ಬಿಚ್ಚಿ ತಟ್ಟೆಯ ಮಣ್ಣಿಗೆ ಹರಡೋದು. ಡಿಸೆಂಬರ್ 8ರ ಮಾತೆ ಮರಿಯಮ್ಮನ ಹಬ್ಬದ ದಿನವೇ ಹರಡಬೇಕು ಎಂದು ನಿಯಮ ಮಾಡಿದ್ದೇವೆ, ಹಾಗಾಗಿ ಯಾರೂ ಮರೆಯಲ್ಲ. ರಾತ್ರಿ ತಟ್ಟೆ ಅಡುಗೆಮನೆ ಒಳಗೆ, ಹಗಲು ಬಿಸಿಲಲ್ಲಿ, ಮೇಲೆ ಹಳೇ ಸೊಳ್ಳೆಪರದೆ. ನೀರಿಗೆ ನಾನು ಒಂದು ಚೂರು ಏನೋ ಬೆರೆಸುತ್ತೇನೆ, ಅದಕ್ಕೇ ನಮ್ಮ ಪೈರು ಹಳದಿಯಾಗಲ್ಲ. ಏನು ಅಂತ ಇಲ್ಲಿ ಬರೆಯಲ್ಲ, ಮನೆಗೆ ಬಂದವರಿಗೆ ಹೇಳುತ್ತೇನೆ.

ಇದರ ಮಧ್ಯೆ ಗೋಧಿಯನ್ನೂ ಪರೀಕ್ಷೆ ಮಾಡಿದೆವು. ಹಂಗೇರಿ, ಕ್ರೊಯೇಷಿಯಾ ಕಡೆ ಡಿಸೆಂಬರ್ 13ರ ಸಂತ ಲೂಸಿಯ ಹಬ್ಬಕ್ಕೆ ತಟ್ಟೆಯಲ್ಲಿ ಗೋಧಿ ಬಿತ್ತುವ ಪದ್ಧತಿ ಇದೆ. ಕ್ರಿಸ್‌ಮಸ್ ಹೊತ್ತಿಗೆ ಹಸಿರು ನಿಂತಿರುತ್ತೆ. ಗೋಧಿಗೆ ಚಳಿ ಅಂದ್ರೆ ಇಷ್ಟ ಅಲ್ವಾ, ನಮ್ಮ ಹವೆಗೆ ಅದು ನಿಜವಾಗಲೂ ಭತ್ತಕ್ಕಿಂತ ಸುಲಭ. 13ಕ್ಕೆ ಹಾಕಿದ್ದು 24ಕ್ಕೆ ಗೇಣುದ್ದ ನೆಟ್ಟಗೆ ನಿಂತಿತ್ತು. ಮೊದಲ ಸಲ ಮಾಡುವವರು ಗೋಧಿಯನ್ನೇ ಹಾಕಿ, ರಾಗಿಯೂ ಪರವಾಗಿಲ್ಲ. ಆದರೆ ನಮ್ಮ ಗೋದಲಿಯ ಮುಂದಿನ ಸಾಲು ಭತ್ತದ್ದೇ ಇರಬೇಕು ಅನ್ನೋದು ದೊಡ್ಡವಳ ಹಟ. ಕೊಡಗಿನಲ್ಲಿ ಹುಟ್ಟಿದ ಯೇಸುವಿನ ಮುಂದೆ ಗೋಧಿ ಗದ್ದೆ ಯಾಕೆ ಇರುತ್ತೆ ಎನ್ನುತ್ತಾಳೆ. ನನಗೂ ಸರಿ ಅನ್ನಿಸಿತು. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗೋದಲಿ ಮಾಡಿದಾಗ ಹುಲ್ಲು, ಎತ್ತು, ಕತ್ತೆ ತರಿಸಿದ್ದರು. ಕೈಗೆ ಸಿಗುವ ಹಳ್ಳಿಯ ವಸ್ತುಗಳೇ ಅವು. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರದ್ದು. ಇಷ್ಟು ವರ್ಷದಿಂದ ಇಲ್ಲಿರುವ ನಮಗೆ ನಮ್ಮದೇ ಮಣ್ಣಿನ ಗೋದಲಿ ಇದ್ದರೆ ತಪ್ಪೇನು?

ಹುಲ್ಲಿನ ವಿಷಯ. ಕ್ರಿಸ್‌ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳಾದ ಆಗಮನ ಕಾಲ ಶುರುವಾಗುವ ಹೊತ್ತಿಗೇ ಹೆಚ್ಚುಕಮ್ಮಿ ನಮ್ಮಲ್ಲಿ ಹುತ್ತರಿ, ಕೊಡಗಿನ ಸುಗ್ಗಿ ಹಬ್ಬ. ಗದ್ದೆ ಕುಯ್ಲಾದ ಮೇಲೆ ಪಕ್ಕದ ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ಅಜ್ಜ ಒಂದು ಹಿಡಿ ಹೊಸ ಹುಲ್ಲು ಕೊಡುತ್ತಾರೆ. ಚಿಕ್ಕವಳು ಹೋಗಿ ತರಬೇಕು, ಬರುವಾಗ ಕೈಯಲ್ಲಿ ತಂಬಿಟ್ಟೂ ಇರುತ್ತೆ. ಹುತ್ತರಿ ತಡವಾದ ವರ್ಷ ಹಳೇ ಹುಲ್ಲು ಕೊಡುತ್ತಾರೆ. ಒಂದು ಒಳ್ಳೆ ಕೆಲಸ ಮಾಡಿದರೆ ಖಾಲಿ ತೊಟ್ಟಿಲಿಗೆ ಒಂದು ಕಡ್ಡಿ ಹುಲ್ಲು. 24ರ ರಾತ್ರಿ ಬಾಲಯೇಸುವನ್ನು ಮಲಗಿಸುವಾಗ ಹಾಸಿಗೆ ಮೆತ್ತಗಿರಬೇಕು. ಇದು ಹಳೇ ಪದ್ಧತಿ, ನಿಮಗೂ ಗೊತ್ತಿರುತ್ತೆ.

ಮೊದಲ ವರ್ಷ ಇದು ಜಗಳವಾಗಿ ಹೋಯಿತು. ಮೂರು ಜನಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿದ ಹುಲ್ಲು ಕೊಟ್ಟಿದ್ದೆ, ಯಾರದ್ದು ಎಷ್ಟು ಎಂದು ತಿಳಿಯಲಿ ಅಂತ. ಮೂರನೇ ದಿನಕ್ಕೆ ಎಣಿಕೆ, ನಾಲ್ಕನೇ ದಿನಕ್ಕೆ ಕಳ್ಳತನ, ಆಮೇಲೆ ಚಿಕ್ಕವಳು ಇಡೀ ಕಂತೆ ತುಂಬಿಸಿ ಬಾಗಿಲು ಹಾಕಿಕೊಂಡಳು. ಈಗ ದಾರ ಇಲ್ಲ, ಲೆಕ್ಕ ಇಲ್ಲ. ಹುಲ್ಲಿನ ಯಜಮಾನಿ ಚಿಕ್ಕವಳು ಒಬ್ಬಳೇ. ರಾತ್ರಿ ಜಪಸರ ಆದ ಮೇಲೆ ಅವಳ ಹತ್ತಿರ ಹೋಗಿ ಎಲ್ಲರೂ ಕಡ್ಡಿ ಕೇಳಬೇಕು, ನಾನೂ ಯಜಮಾನರೂ ಕೂಡ. ಏನು ಮಾಡಿದಿರಿ ಎಂದು ಅವಳು ಕೇಳುತ್ತಾಳೆ. ನಮಗೂ ಉತ್ತರ ಇರಬೇಕು. ಇದೊಂದು ಬದಲಾವಣೆಯಿಂದ ಜಗಳ ನಿಂತಿತು. ಅಪ್ಪನಿಗೆ ಒಂದು ದಿನ ಕಡ್ಡಿ ಕೊಡದೆ ಕಳಿಸಿದ್ದಾಳೆ.

ಸ್ಟಾರ್‌ಗೆ ನಮ್ಮ ಶತ್ರು ಇಬ್ಬನಿ. ಬಿದಿರು ಸೀಳಿ ಕಟ್ಟುವ ಲೆಕ್ಕ ನಿಮಗೆ ಗೊತ್ತು, ಉದ್ದದ ಕಡ್ಡಿ ಹತ್ತು, ನಡುವೆ ಉಬ್ಬಿಸಲು ಗಿಡ್ಡದ್ದು ಐದು. ತೊಂದರೆ ಕಾಗದದಲ್ಲಿ. ಗಾಳಿಪಟದ ಕಾಗದ ಒಂದೇ ರಾತ್ರಿಗೆ ಒದ್ದೆಯಾಗಿ ಜೋತು ಬಿತ್ತು. ಬಣ್ಣದ ಗ್ಲಾಸ್ ಪೇಪರ್ ಹಾಕಿದೆವು, ಹಳೇ ಬಲ್ಬಿನ ಕಾವಿಗೆ ಸುಕ್ಕಾಯಿತು. ಎಣ್ಣೆ ಸವರಿ ನೋಡಿದೆವು, ಇರುವೆ ಬಂತು. ಮೈದಾ ಅಂಟನ್ನು ಇಲಿ ತಿಂದಿತು. ಅಂಟಿಗೆ ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತ ಹಾಕಿ ಎಂದರು ಒಬ್ಬರು. ಅದು ವಿಷ, ಮಕ್ಕಳು ಕೈ ಹಾಕುವ ಕೆಲಸಕ್ಕೆ ಅದು ಬೇಡವೇ ಬೇಡ. ಕೊನೆಗೆ ನಿಂತಿದ್ದು ಬಟರ್ ಪೇಪರ್. ಅದರ ಎರಡೂ ಕಡೆ ಮೇಣದಬತ್ತಿ ಚೂರಿನಿಂದ ತಿಕ್ಕಿ, ಹಳೇ ಪೇಪರ್ ಮಧ್ಯೆ ಇಟ್ಟು ಹದವಾಗಿ ಇಸ್ತ್ರಿ ಮಾಡೋದು. ಇಸ್ತ್ರಿ ಮಾತ್ರ ನಾನು ಹಿಡಿಯುತ್ತೇನೆ, ತಿಕ್ಕೋದು ಮಗ. ನೀರು ಹನಿಯಾಗಿ ಜಾರಿ ಹೋಗುತ್ತೆ. ಒಳಗೆ ಐದು ವ್ಯಾಟಿನ ಎಲ್‌ಇಡಿ, ಹೋಲ್ಡರ್ ಮೇಲೆ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯ ಟೋಪಿ. ಅಂಟಿಗೆ ಮೈಲುತುತ್ತದ ಬದಲು ಏನು ಹಾಕಿದೆ ಅನ್ನೋದು ಮಗನ ಗುಟ್ಟು, ಹೇಳಬೇಡ ಎಂದಿದ್ದಾನೆ. ಕಳೆದ ಸಲದ ಸ್ಟಾರ್ ಜನವರಿ ಮುಗಿಯುವವರೆಗೂ ಗಟ್ಟಿಯಾಗಿತ್ತು. ಖರ್ಚು 120 ದಾಟಿರಲಿಲ್ಲ.

ಮರಕ್ಕೆ ನಾವು ದುಡ್ಡೇ ಹಾಕಲ್ಲ. ಹಳೇ ಕಾಫಿ ಗಿಡ ಕಿತ್ತಾಗ ಒಂದು ಒಳ್ಳೆ ಕವಲಿರುವ ಗಿಡ ಎತ್ತಿಟ್ಟು, ತೊಗಟೆ ಕೆರೆದು, ಸುಣ್ಣ ಬಳಿದು, ಡಬ್ಬದ ಮರಳಲ್ಲಿ ನಿಲ್ಲಿಸುತ್ತೇವೆ. ಸಿಲ್ವರ್ ಓಕ್ ಎಲೆಯ ಅಡಿಭಾಗ ಬೆಳ್ಳಿ ಬಣ್ಣ ಅಲ್ವಾ, ಅದನ್ನು ತಿರುಗಿಸಿ ಕಟ್ಟಿದರೆ ಲೈಟಿಗೆ ಹೊಳೆಯುತ್ತೆ. ಕಾಫಿ ಹಣ್ಣಿನ ಸರ ಮಾಡಿ ಹಾಕಿದ್ದೆವು. ಮೊದಲ ದಿನ ನೋಡಲು ಎರಡು ಕಣ್ಣು ಸಾಲದು, ನಾಲ್ಕನೇ ದಿನ ಹುಳಿ ವಾಸನೆ, ನೊಣ. ಗುಲಗಂಜಿ ಹಾಕಿ ಎಂದರು. ಚಿಕ್ಕ ಮಕ್ಕಳಿರುವ ಮನೆಗೆ ಅದನ್ನು ತರಲೇಬೇಡಿ, ಬೀಜ ಜಗಿದರೆ ಜೀವಕ್ಕೇ ಅಪಾಯ.

ಕುಸ್ವಾರಿನಲ್ಲಿ ಮಕ್ಕಳಿಗೆ ಕೊಟ್ಟಿದ್ದು ಕಿಡಿಯೋ ಅನ್ನುವ ಕರಿದ ತಿಂಡಿ. ಮುಳ್ಳುಚಮಚದ ಬೆನ್ನ ಮೇಲೆ ಹಿಟ್ಟಿನ ಉಂಡೆ ಒತ್ತಿ ಸುರುಳಿ ಮಾಡೋದು. ಚಿಕ್ಕವಳದ್ದು ಕಾಳಿನಷ್ಟು, ಮಗನದ್ದು ಹೆಬ್ಬೆರಳಿನಷ್ಟು. ಒಂದೇ ಬಾಣಲೆಗೆ ಹಾಕಿದರೆ ಒಂದು ಕರಟುತ್ತೆ, ಇನ್ನೊಂದು ಹಸಿ. ಗಾತ್ರ ತಿದ್ದಲು ಹೋಗಬೇಡಿ, ಬೇರೆ ಬೇರೆಯಾಗಿ ಕರಿಯಿರಿ. ತಿದ್ದಿದರೆ ಮಾರನೇ ವರ್ಷ ಕೂರಲ್ಲ. ಹೂವಿನಾಕಾರದ ಕರಿದ ತಿಂಡಿ ಕೊಕ್ಕಿಸಾಂನ ಅಚ್ಚು ಮಾತ್ರ ಹನ್ನೆರಡು ವರ್ಷ ದಾಟಿದವರಿಗೆ, ಬಿಸಿ ಎಣ್ಣೆ ಆಟ ಅಲ್ಲ. ದೊಡ್ಡವಳು ಈಗ ಹಿಡಿಯುತ್ತಾಳೆ. ಅಚ್ಚು ಎಣ್ಣೆಯಲ್ಲೇ ಚೆನ್ನಾಗಿ ಕಾಯಬೇಕು, ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಅದ್ದಬೇಕು, ಚುಂಯ್ ಎಂದ ತಕ್ಷಣ ಎತ್ತಿ ಎಣ್ಣೆಗೆ ಇಳಿಸಬೇಕು. ಅಂಚು ದಾಟಿ ಹಿಟ್ಟು ಮೇಲೆ ಹತ್ತಿದರೆ ಹೂವು ಅಚ್ಚು ಬಿಟ್ಟು ಬರಲ್ಲ. ಅತ್ತೆ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದರು, ತಪ್ಪು ಹುಡುಕಲೆಂದೇ. ಹತ್ತನೆಯದ್ದೋ ಹನ್ನೊಂದನೆಯದ್ದೋ ಹೂವು ಬಿಟ್ಟಾಗ "ಇನ್ನು ಅಚ್ಚು ಇವಳದ್ದೇ" ಎಂದು ತಮ್ಮ ತಾಯಿಯ ಕಾಲದ ಕಬ್ಬಿಣದ ಅಚ್ಚನ್ನು ಅವಳಿಗೇ ಕೊಟ್ಟರು.

ಕೇಕಿಗೆ ಟೂಟಿ ಫ್ರೂಟಿ ಬಿಟ್ಟು ನಮ್ಮ ಕಿತ್ತಳೆ ಸಿಪ್ಪೆ ಹಾಕುತ್ತೇವೆ. ಡಿಸೆಂಬರ್‌ಗೆ ಕೊಡಗಿನ ಕಿತ್ತಳೆ ಬರಲು ಶುರು. ಸಿಪ್ಪೆ ಸಡಿಲ, ಮಕ್ಕಳೇ ಸುಲಿಯುತ್ತಾರೆ. ನೀರು ಬದಲಾಯಿಸಿ ಮೂರು ಸಲ ಕುದಿಸಿದರೆ ಕಹಿ ಹೋಗುತ್ತೆ, ಆಮೇಲೆ ಸಿಪ್ಪೆಯಷ್ಟೇ ಸಕ್ಕರೆ. ಕಣದಲ್ಲಿ ಕಾಫಿ ಪಕ್ಕ ಒಣಗಲು ಇಟ್ಟಾಗ ಇರುವೆ ಸಾಲುಗಟ್ಟಿ ಬಂದು ಅರ್ಧ ಹೊತ್ತವು. ಈಗ ಮೇಜಿನ ಮೇಲೆ ಒಣಗಿಸುತ್ತೇವೆ, ಅದರ ನಾಲ್ಕು ಕಾಲೂ ನೀರಿನ ಲೋಟದೊಳಗೆ.

ಮನೆಮನೆಗೆ ಹಾಡಿಕೊಂಡು ಹೋಗೋದು ನಮ್ಮ ಕಡೆ ರಾತ್ರಿ ಆಗಲ್ಲ, ಆನೆ ಕಾಟ. ಸಂಜೆ ಐದಕ್ಕೆ ಹೊರಟು ಕತ್ತಲಾಗುವ ಮುಂಚೆ ವಾಪಸ್. ಕುಯ್ಲು ಮುಗಿಸಿ ಆಳುಗಳು ತಮ್ಮ ಸಾಲುಮನೆಗೆ (ಲೈನ್ ಮನೆ) ಬಂದಿರುತ್ತಾರೆ, ಮೊದಲ ಹಾಡು ಅಲ್ಲೇ. ಕುಸ್ವಾರ್ ಪೊಟ್ಟಣವನ್ನು ಮಕ್ಕಳೇ ಕೊಡುತ್ತಾರೆ. ನಡುರಾತ್ರಿ ಪೂಜೆಗೆ ಎಲ್ಲರೂ ಒಂದೇ ಜೀಪಿನಲ್ಲಿ.

ಒಟ್ಟು ಲೆಕ್ಕ ಹೇಳುತ್ತೇನೆ. ಗೋಡಂಬಿ, ಮೊಟ್ಟೆ, ಮೈದಾ, ಎಣ್ಣೆ, ಸಕ್ಕರೆ ಎಲ್ಲ ಸೇರಿ ಕಳೆದ ವರ್ಷ 1,700 ಆಸುಪಾಸು. ಅದರಲ್ಲಿ ಜಾಸ್ತಿ ತಿಂದಿದ್ದು ಗೋಡಂಬಿಯೇ. ಉಳಿದ ದುಡ್ಡಲ್ಲಿ ಮೂರು ಜನಕ್ಕೂ ಒಳ್ಳೆ ಸ್ವೆಟರ್ ಬಂತು.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳಿಕೊಡಲ್ಲ. ಕೊಡಗಿನಲ್ಲಿ ಹಬ್ಬ ಮಾಡೋದಕ್ಕಿಂತ ಹಬ್ಬದ ಸಾಮಾನು ಮಳೆಗಾಲ ದಾಟಿಸೋದು ಕಷ್ಟ. ಗದ್ದೆ ಜೇಡಿಯಲ್ಲಿ ಮಕ್ಕಳು ಮಾಡಿದ ಕುರಿ, ಕುರುಬರು, ಬಾಲಯೇಸುವನ್ನು ನೋಡಲು ಬಂದ ಮೂರು ರಾಯರು ಸುಡದ ಮಣ್ಣಿನವು. ಒಂದು ಜೂನ್‌ನಲ್ಲಿ ಪೆಟ್ಟಿಗೆಯೊಳಗೇ ಬೂಸ್ಟು ಹಿಡಿದು ಪುಡಿಯಾದವು. ಈಗ ಜನವರಿ ಶುರುವಿನ ಮೂರು ರಾಯರ ಹಬ್ಬ ಆದ ತಕ್ಷಣ ಪೈರು ಕರುವಿಗೆ, ಮೂರ್ತಿಗಳು ಒಂದು ವಾರ ಬಿಸಿಲಿಗೆ. ಆಮೇಲೆ ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ, ಹಳೇ ಬಿಸ್ಕೆಟ್ ತಗಡಿನ ಡಬ್ಬಕ್ಕೆ ಹಾಕಿ, ಮುಚ್ಚಳದ ಸುತ್ತ ಟೇಪ್ ಹಚ್ಚಿ, ಒಲೆಯ ಮೇಲಿನ ಅಟ್ಟಕ್ಕೆ. ಸೌದೆ ಒಲೆ ಇಲ್ಲದವರು ಫ್ರಿಜ್ ಹಿಂದೆ ಬೆಚ್ಚಗಿರುವ ಕಡೆ ಇಡಬಹುದು. ನವೆಂಬರ್ ಮೊದಲ ವಾರವೇ ಡಬ್ಬ ತೆಗೆದು ನೋಡಿ. ಕಿವಿ ಮುರಿದ ಕುರಿ ಒಂದಾದರೂ ಇದ್ದೇ ಇರುತ್ತೆ, ಹೊಸ ಜೇಡಿ ಮೆತ್ತಿದರೆ ನೆರಳಲ್ಲಿ ಒಣಗಲು ಹತ್ತು ದಿನ ಬೇಕು.